ಮುಳ್ಳು ಸುಳ್ಳು ಹೇಳಿದಾಗ, ಟ್ಯಾಂಕ್ ಡೀಸೆಲ್ ಕುಡಿಯದಿದ್ದಾಗ: ಪಿಕಪ್ ಗಾಡಿಯವರಿಗೆ ಹಂತ ಹಂತದ ಮಾರ್ಗದರ್ಶಿ

"ಫುಲ್ ಟ್ಯಾಂಕ್ ಮಾಡಿಸಿದರೂ ಮುಳ್ಳು ಮುಕ್ಕಾಲಿಗೇ ನಿಲ್ಲುತ್ತೆ, ಏನ್ ಮಾಡ್ಲಿ?"

"ಬಂಕಿನಲ್ಲಿ ಗನ್ ಇಟ್ಟ ಕೂಡಲೇ ಟಪ್ ಅಂತ ಕಟ್ ಆಗುತ್ತೆ. ಇಪ್ಪತ್ತು ಲೀಟರ್ ಹಾಕಿಸೋಕೆ ಕಾಲು ಗಂಟೆ ಬೇಕು, ಹಿಂದೆ ನಿಂತವರೆಲ್ಲ ಹಾರ್ನ್ ಹೊಡೀತಾರೆ."

ಪಿಕಪ್ ಇಟ್ಟುಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಈ ಎರಡು ಪ್ರಶ್ನೆ. ತರಕಾರಿ ಹೊಡೆಯುವವರು, ಹಾಲಿನ ಕ್ಯಾನ್ ಸಾಗಿಸುವವರು, ಸಿಮೆಂಟ್ ಅಂಗಡಿಯವರು, ಎಲ್ಲರದ್ದೂ ಇದೇ ಕಥೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಇಲ್ಲಿ ಬರೆದಿರುವುದು ಮುಖ್ಯವಾಗಿ ಡೀಸೆಲ್ ಪಿಕಪ್‌ಗಳ ಬಗ್ಗೆ. ಬೊಲೆರೋ ಪಿಕಪ್, ಯೋಧ, ದೋಸ್ತ್ ಥರದ ಗಾಡಿಗಳು. ಪೆಟ್ರೋಲ್ ಗಾಡಿಗೆ ಎಲ್ಲಿ ಬೇರೆ ಇದೆಯೋ ಅಲ್ಲಿ ಹೇಳುತ್ತೇನೆ. ಸಿಎನ್‌ಜಿ ಗಾಡಿಯ ಗ್ಯಾಸ್ ಸಿಲಿಂಡರಿಗೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ಕೈ ಹಾಕಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಳ್ಳು ಕೆಟ್ಟಿದೆ ಅಂದ ತಕ್ಷಣ "ಫ್ಲೋಟ್ ಹೋಗಿದೆ, ಹೊಸದು ಹಾಕಿ" ಅನ್ನುವವರೇ ಜಾಸ್ತಿ. ನಾನೂ ಹಾಗೆ ದುಡ್ಡು ಕಳೆದುಕೊಂಡವನೇ. ಟ್ಯಾಂಕ್ ಇಳಿಸಿ, ಹೊಸ ಫ್ಲೋಟ್ ಹಾಕಿಸಿ, ಮನೆಗೆ ಬಂದು ನೋಡಿದರೆ ಮುಳ್ಳು ಅಲ್ಲೇ ಇತ್ತು. ಕೊನೆಗೆ ಸಿಕ್ಕಿದ್ದು ಚಾಸಿಗೆ ಹಾಕಿದ್ದ ಒಂದು ತುಕ್ಕು ಹಿಡಿದ ಸ್ಕ್ರೂ. ಹಾಗಾಗಿ ಕೆಳಗಿನ ಹಂತಗಳಲ್ಲಿ ದುಡ್ಡು ಬೇಡದ ಪರೀಕ್ಷೆಗಳು ಮೊದಲು, ಟ್ಯಾಂಕ್ ಬಿಚ್ಚುವುದು ಕೊನೆಗೆ.

ಒಳಗೆ ಏನಿದೆ ಅಂತ ಸ್ವಲ್ಪ ತಿಳಿದುಕೊಳ್ಳಿ

ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಒಂದು ಬೆಂಡು ಇರುತ್ತದೆ. ಅದೇ ಫ್ಲೋಟ್. ಅದಕ್ಕೊಂದು ಕಂಬಿ. ಡೀಸೆಲ್ ಏರಿದರೆ ಕಂಬಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಕಂಬಿಯ ಇನ್ನೊಂದು ತುದಿ ಒಂದು ಸಣ್ಣ ಪಟ್ಟಿಯನ್ನು ಉಜ್ಜುತ್ತಾ ಓಡಾಡುತ್ತದೆ. ಆ ಪಟ್ಟಿ ಕರೆಂಟಿಗೆ ತಡೆ ಒಡ್ಡುತ್ತದೆ. ಕಂಬಿ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ತಡೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಹಳೆ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೂ ಇಂಥದ್ದೇ ಪಟ್ಟಿ ಇರುತ್ತಿತ್ತು. ಈ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಬೆಂಡು, ಕಂಬಿ, ಪಟ್ಟಿ ಎಲ್ಲ ಸೇರಿದ್ದನ್ನು ಗ್ಯಾರೇಜಿನಲ್ಲಿ ಟ್ಯಾಂಕ್ ಯೂನಿಟ್ ಅನ್ನುತ್ತಾರೆ.

ಅಲ್ಲಿಂದ ವೈರ್ ಮೀಟರ್ ಬೋರ್ಡಿಗೆ ಹೋಗುತ್ತದೆ. ಅಂದರೆ ತಪ್ಪು ಇರಬಹುದಾದ ಜಾಗ ಮೂರೇ: ಟ್ಯಾಂಕ್ ಯೂನಿಟ್, ನಡುವಿನ ವೈರ್ ಮತ್ತು ಅರ್ತ್, ಇಲ್ಲವೇ ಮೀಟರ್. ಅರ್ತ್ ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ಮೂರರಲ್ಲಿ ಯಾವುದು ಅಂತ ಗೊತ್ತಾಗುವ ತನಕ ಯಾವ ಸಾಮಾನನ್ನೂ ಕೊಳ್ಳಬೇಡಿ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಕಡಿಮೆ ಬೆಲೆಯದ್ದೇ ಸಾಕು. ಎಮರಿ ಪೇಪರ್, ತಂತಿ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸ್ಕ್ರೂಡ್ರೈವರ್, ಸ್ಪ್ಯಾನರ್, ಟಾರ್ಚ್, ಹಳೆ ಬಟ್ಟೆ. 10, 47, 100, 220 ಓಮಿನ ನಾಲ್ಕು ರೆಸಿಸ್ಟರ್‌ಗಳು. ರೆಸಿಸ್ಟರ್ ಅಂದರೆ ನಿರ್ದಿಷ್ಟ ತಡೆ ಇರುವ ಪುಟ್ಟ ತುಂಡು. 5 ವ್ಯಾಟಿನದ್ದೇ ಕೇಳಿ, ಬಿಳಿ ಸಿಮೆಂಟಿನ ಮೈ ಇರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಥವಾ ನಿಮ್ಮೂರಿನಲ್ಲಿ ಟಿವಿ ರಿಪೇರಿಯವರು ಸಾಮಾನು ತರುವ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ತೀರಾ ಕಡಿಮೆ.

ಜೀವಕ್ಕೆ ಸಂಬಂಧಪಟ್ಟ ಎಚ್ಚರಿಕೆಗಳು

ಕೆಲಸ ಬಯಲಿನಲ್ಲೇ ಮಾಡಿ. ಬೀಡಿ, ಸಿಗರೇಟು, ಒಲೆ ಹತ್ತಿರ ಬೇಡ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಹೊತ್ತಿಕೊಳ್ಳುವುದೇ ಇಲ್ಲ ಅಂತಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಪೆಟ್ರೋಲ್ ಗಾಡಿಯಾದರೆ ಟ್ಯಾಂಕಿನ ಹತ್ತಿರ ವೈರ್ ಬಿಚ್ಚುವ ಕೆಲಸವನ್ನು ಗ್ಯಾರೇಜಿಗೇ ಬಿಡಿ.

ಪೈಪಿಗೆ ಬಾಯಿ ಹಾಕಿ ಡೀಸೆಲ್ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಬಿಡಿ. ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆ ಸೇರಬೇಕಾಗುತ್ತದೆ. ಕೈಯಲ್ಲಿ ಒತ್ತುವ ಸೈಫನ್ ಪಂಪ್ ಸಿಗುತ್ತದೆ, ಅದನ್ನು ಬಳಸಿ.

ಟ್ಯಾಂಕ್ ತೂತಾಗಿದೆ ಅಂತ ಪಕ್ಕದ ವೆಲ್ಡಿಂಗ್ ಶಾಪಿಗೆ ಒಯ್ಯಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಯಾಕಂದ್ರೆ ಒಳಗೆಲ್ಲ ಆವಿ ತುಂಬಿರುತ್ತದೆ. ಅದನ್ನೇ ಕಸುಬು ಮಾಡಿಕೊಂಡವರು ತೊಳೆದು, ಆವಿ ತೆಗೆದು ಮಾಡಬೇಕಾದ ಕೆಲಸ ಅದು.

ಭಾಗ ಒಂದು: ಮುಳ್ಳಿನ ತೊಂದರೆ

ಹಂತ 1. ತೊಂದರೆ ಯಾವ ಥರದ್ದು ಅಂತ ಗಮನಿಸಿ

ಎರಡು ಮೂರು ದಿನ ಸುಮ್ನೆ ನೋಡಿ. ಬರೆದಿಟ್ಟುಕೊಳ್ಳಿ.

ಮುಳ್ಳು ಯಾವಾಗಲೂ ಖಾಲಿಯಲ್ಲೇ ಇದೆಯಾ? ಫ್ಲೋಟ್ ತೂತಾಗಿ ಒಳಗೆ ಡೀಸೆಲ್ ತುಂಬಿಕೊಂಡು ಮುಳುಗಿರಬಹುದು, ಅಥವಾ ವೈರ್ ಕಿತ್ತಿರಬಹುದು. ಯಾವಾಗಲೂ ಫುಲ್ ತೋರಿಸುತ್ತಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿರಬಹುದು. ಕೆಲವು ಗಾಡಿಗಳಲ್ಲಿ ಇದು ಉಲ್ಟಾ ಇರುತ್ತದೆ, ಹಾಗಾಗಿ ಇಷ್ಟಕ್ಕೇ ತೀರ್ಮಾನ ಬೇಡ. ಹಂಪ್ ಹಾರಿದಾಗ ಬಿದ್ದು ಎದ್ದರೆ ಕಪ್ಲರ್ ಸಡಿಲ. ವೈರಿಗೆ ವೈರ್ ಸೇರಿಸುವ ಪ್ಲಾಸ್ಟಿಕ್ ಜೋಡಣೆಗೆ ಕಪ್ಲರ್ ಅನ್ನುತ್ತಾರೆ. ಅರ್ಧದ ತನಕ ಸರಿಯಾಗಿ ಬಂದು, ಅದೇ ಜಾಗದಲ್ಲಿ ಪ್ರತಿ ಸಲ ದಡಕ್ಕನೆ ಖಾಲಿಗೆ ಬಿದ್ದರೆ, ಒಳಗಿನ ಪಟ್ಟಿ ಆ ಜಾಗದಲ್ಲಿ ಸವೆದಿದೆ.

ಇನ್ನೊಂದು ಒಳ್ಳೆಯ ಸುಳಿವು: ರಾತ್ರಿ ಹೆಡ್‌ಲೈಟ್ ಹಾಕಿದಾಗ, ಬ್ರೇಕ್ ಒತ್ತಿದಾಗ, ಇಂಡಿಕೇಟರ್ ಹಾಕಿದಾಗ ಮುಳ್ಳು ಅಲ್ಲಾಡುತ್ತದಾ? ಹೌದಾದರೆ ಫ್ಲೋಟಿನ ಯೋಚನೆ ಸದ್ಯಕ್ಕೆ ಬಿಡಿ. ಅದು ಅರ್ತ್ ತೊಂದರೆ ಆಗಿರುವ ಸಾಧ್ಯತೆಯೇ ಹೆಚ್ಚು.

ಹಂತ 2. ಇದು ನಿಜವಾಗಿ ತೊಂದರೆಯಾ ಅಂತ ಕೇಳಿಕೊಳ್ಳಿ

ಚಾರ್ಮಾಡಿ ಘಾಟಿ ಹತ್ತುವಾಗ ಕಾಲು ಟ್ಯಾಂಕ್ ಇದ್ದದ್ದು ಖಾಲಿ ತೋರಿಸಿ, ಮೇಲೆ ಬಂದ ಮೇಲೆ ಮತ್ತೆ ಕಾಲಿಗೆ ಬಂದರೆ ಗಾಡಿ ಸರಿಯಾಗೇ ಇದೆ. ಟ್ಯಾಂಕ್ ಓರೆಯಾದಾಗ ಡೀಸೆಲ್ ಒಂದು ಮೂಲೆಗೆ ಓಡುತ್ತದೆ, ಅಷ್ಟೇ. ಟ್ಯಾಂಕ್ ಚೌಕಾಕಾರ ಇರುವುದಿಲ್ಲ, ಅದಕ್ಕೇ ಮೇಲಿನ ಅರ್ಧ ನಿಧಾನವಾಗಿ ಇಳಿದು ಕೆಳಗಿನ ಅರ್ಧ ಓಡಿಹೋದಂತೆ ಕಾಣುವುದೂ ಮಾಮೂಲು.

ಇಗ್ನಿಷನ್ ಆನ್ ಇಟ್ಟುಕೊಂಡೇ ಡೀಸೆಲ್ ಹಾಕಿಸಿದಿರಾ? ಈಗಿನ ಮೀಟರ್‌ಗಳು ಒಳಗೆ ಡೀಸೆಲ್ ಕುಲುಕಿದಾಗಲೆಲ್ಲ ಮುಳ್ಳು ಕುಣಿಯಬಾರದು ಅಂತ ಬೇಕೆಂದೇ ನಿಧಾನವಾಗಿ ಏರಿಳಿಯುತ್ತವೆ. ಕೀ ಆಫ್ ಮಾಡಿ, ಹಾಕಿಸಿ, ಮತ್ತೆ ಆನ್ ಮಾಡಿದರೆ ಬಹಳಷ್ಟು ಗಾಡಿಗಳಲ್ಲಿ ಬೇಗ ಸರಿ ತೋರಿಸುತ್ತದೆ. ಬಂಕಿನಲ್ಲಿ ಎಂಜಿನ್ ಆಫ್ ಮಾಡಬೇಕಾದದ್ದು ಹೇಗೂ ನಿಯಮ ತಾನೇ.

ಹಂತ 3. ಫ್ಯೂಸ್ ಮತ್ತು ಪಕ್ಕದ ಮುಳ್ಳು ನೋಡಿ

ಎಂಜಿನ್ ಬಿಸಿ ತೋರಿಸುವ ಮುಳ್ಳೂ ತಪ್ಪು ತೋರಿಸುತ್ತಿದೆಯಾ? ಎರಡೂ ಒಟ್ಟಿಗೆ ಕೆಟ್ಟಿದ್ದರೆ ಟ್ಯಾಂಕಿನ ಕಡೆ ಹೋಗಲೇಬೇಡಿ. ಮೀಟರ್ ಬೋರ್ಡಿನ ಫ್ಯೂಸ್, ಅದರ ಅರ್ತ್, ಅಥವಾ ಹಳೆ ಗಾಡಿಯಾದರೆ ಮೀಟರ್ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ನೋಡಿ. ಬ್ಯಾಟರಿ ವೋಲ್ಟೇಜ್ ಏರಿಳಿದರೂ ಮುಳ್ಳುಗಳಿಗೆ ಒಂದೇ ಸಮನೆ ಕರೆಂಟು ಕೊಡುವ ಪುಟ್ಟ ಡಬ್ಬಿ ಅದು. ಅದು ಕೆಟ್ಟರೆ ಎರಡೂ ಮುಳ್ಳು ಸೇರಿ ಸುಳ್ಳು ಹೇಳುತ್ತವೆ.

ಹಂತ 4. ಟ್ಯಾಂಕಿನ ಕಪ್ಲರ್ ಮತ್ತು ವೈರ್

ಇಲ್ಲಿ ಸಮಯ ಕೊಡಿ. ಕಾರಿನ ವೈರಿಗೆ ಇಲ್ಲದ ಕಷ್ಟ ಪಿಕಪ್ಪಿನ ವೈರಿಗೆ ಇದೆ. ಟ್ಯಾಂಕ್ ಚಾಸಿಯ ಪಕ್ಕದಲ್ಲಿ ಬಯಲಿಗೇ ಕೂತಿರುತ್ತದೆ. ಹಿಂದಿನ ಚಕ್ರದ ಕೆಸರು, ವಾಟರ್ ಸರ್ವಿಸಿನವರ ಪ್ರೆಶರ್ ನೀರು, ಮೇಲಿಂದ ಸೋರುವ ಮೀನಿನ ಐಸ್ ನೀರು, ಗೊಬ್ಬರದ ಪುಡಿ, ಎಲ್ಲ ಅದರ ಮೇಲೇ. ಉಪ್ಪು, ಗೊಬ್ಬರ ತಾಗಿದ ಕಪ್ಲರಿನ ಪಿನ್ನುಗಳು ಹಸಿರು ಬಣ್ಣಕ್ಕೆ ತಿರುಗಿರುತ್ತವೆ. ಹುಲ್ಲಿನ ಲೋಡು ಹೊಡೆಯುವ ಗಾಡಿ, ಅಡಿಕೆ ಮನೆಯ ಪಕ್ಕ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದಿರುವುದೂ ಸಾಮಾನ್ಯ.

ಇಗ್ನಿಷನ್ ಆಫ್ ಮಾಡಿ. ಟ್ಯಾಂಕಿನ ಮೇಲ್ಭಾಗಕ್ಕೆ ಬರುವ ಕಪ್ಲರ್ ಬಿಚ್ಚಿ. ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಹಸಿರು ಅಥವಾ ಬಿಳಿ ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಎರಡು ಮೂರು ಸಲ ಹಾಕಿ ತೆಗೆದು ಮಾಡಿ. ಎಷ್ಟೋ ಗಾಡಿಗಳ ಕಥೆ ಇಲ್ಲಿಗೇ ಮುಗಿಯುತ್ತದೆ.

ಲೋಡ್ ಬಾಡಿ ಕಟ್ಟಿಸಿದಾಗ, ಮ್ಯೂಸಿಕ್ ಸಿಸ್ಟಮ್ ಅಥವಾ ಜಾಸ್ತಿ ಲೈಟು ಹಾಕಿಸಿದಾಗ ಯಾರಾದರೂ ಈ ವೈರಿಗೆ ಜಾಯಿಂಟ್ ಹೊಡೆದಿದ್ದಾರಾ ಅಂತಲೂ ನೋಡಿ. ಟೇಪ್ ಸುತ್ತಿದ ಪ್ರತಿ ಜಾಗವೂ ಅನುಮಾನದ ಜಾಗ.

ಹಂತ 5. ಅರ್ತ್ ಪರೀಕ್ಷೆ

ಎಲ್ಲರೂ ಹಾರಿಸಿ ಮುಂದೆ ಹೋಗುವ ಹಂತ ಇದು. ಹಾರಿಸಬೇಡಿ.

ಅರ್ತ್ ಕೆಟ್ಟರೆ ಏನಾಗುತ್ತದೆ? ಫ್ಲೋಟಿನ ತಡೆಯ ಜೊತೆಗೆ ತುಕ್ಕಿನ ತಡೆಯೂ ಸೇರಿಕೊಳ್ಳುತ್ತದೆ. ಮೀಟರಿಗೆ ಎರಡರ ಮೊತ್ತ ಮಾತ್ರ ಗೊತ್ತಾಗುತ್ತದೆ. ಡೀಸೆಲ್ ಏರಿದಂತೆ ತಡೆ ಕಡಿಮೆಯಾಗುವ ಗಾಡಿಯಲ್ಲಿ ಹೀಗಾದರೆ ಮುಳ್ಳು ಯಾವತ್ತೂ ಫುಲ್ ಮುಟ್ಟುವುದಿಲ್ಲ. ತಡೆ ಏರುವ ಗಾಡಿಯಲ್ಲಿ ಇನ್ನೂ ಕೆಟ್ಟದ್ದು: ಖಾಲಿ ಟ್ಯಾಂಕ್ ಕಾಲು ಟ್ಯಾಂಕಿನಂತೆ ಕಾಣುತ್ತದೆ. ದಾರಿ ಮಧ್ಯೆ ನಿಂತುಬಿಡುವವರು ಇವರೇ.

ಪರೀಕ್ಷೆ ಹೀಗೆ. ಕಪ್ಲರ್ ಮತ್ತೆ ಹಾಕಿ, ಇಗ್ನಿಷನ್ ಆನ್ ಮಾಡಿ, ಹೆಡ್‌ಲೈಟನ್ನೂ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಕಪ್ಲರಿನ ಹಿಂಬದಿಯಿಂದ ಅರ್ತ್ ವೈರಿಗೆ ತಾಗಿಸಿ. ಅರ್ತ್ ವೈರ್ ಸಾಮಾನ್ಯವಾಗಿ ಕಪ್ಪು, ಆದರೆ ಎಲ್ಲ ಗಾಡಿಯಲ್ಲೂ ಅಲ್ಲ. 0.1 ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟು, ಒಂದು ವೋಲ್ಟು ಬಂದರೆ ಕಳ್ಳ ಸಿಕ್ಕಿದ.

ಆ ವೈರನ್ನು ಹಿಡಿದು ಚಾಸಿಗೆ ಸ್ಕ್ರೂ ಹಾಕಿರುವ ಜಾಗಕ್ಕೆ ಹೋಗಿ. ಸ್ಕ್ರೂ ತೆಗೆದು, ವೈರಿನ ರಿಂಗ್ ಮತ್ತು ಚಾಸಿ ಎರಡನ್ನೂ ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ. ಪೇಂಟ್ ಉಳಿಯಬಾರದು. ಗಟ್ಟಿಯಾಗಿ ಹಾಕಿ, ಮೇಲೆ ಗ್ರೀಸ್ ಹಚ್ಚಿ. ಗ್ರೀಸ್ ಮೇಲೆ ಮಾತ್ರ, ನಡುವೆ ಅಲ್ಲ.

ಹಂತ 6. ಮೀಟರಿಗೆ ಪರೀಕ್ಷೆ

ಹಳೆ ಮೆಕ್ಯಾನಿಕ್‌ಗಳು ಕಪ್ಲರ್ ಬಿಚ್ಚಿ, ಎರಡು ವೈರ್ ಸೇರಿಸಿ, "ಮುಳ್ಳು ಓಡ್ತು, ಮೀಟರ್ ಓಕೆ" ಅನ್ನುತ್ತಾರೆ. ಹಳೆ ಗಾಡಿಗೆ ಅದು ನಡೆಯುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಮೀಟರ್ ಒಂದು ಪುಟ್ಟ ಕಂಪ್ಯೂಟರ್ ಇದ್ದಂತೆ. ಅದಕ್ಕೆ ನೇರ ಶಾರ್ಟ್ ಕೊಡುವ ಬದಲು ರೆಸಿಸ್ಟರ್ ಬಳಸಿ. 12 ವೋಲ್ಟಿನ ಟೆಸ್ಟ್ ಲ್ಯಾಂಪನ್ನು ಅಥವಾ ಬ್ಯಾಟರಿ ಪ್ಲಸ್ಸನ್ನು ಈ ವೈರಿಗೆ ತಾಗಿಸಲೇಬೇಡಿ. ಮೀಟರ್ ಸುಟ್ಟರೆ ಖರ್ಚು ಫ್ಲೋಟಿನದಕ್ಕಿಂತ ಎಷ್ಟೋ ಪಟ್ಟು.

ಇಗ್ನಿಷನ್ ಆಫ್ ಇರುವಾಗ ಕಪ್ಲರ್ ಬಿಚ್ಚಿ. ಗಾಡಿ ಕಡೆಯ ಕಪ್ಲರಿನಲ್ಲಿ ಸಿಗ್ನಲ್ ವೈರ್ ಮತ್ತು ಅರ್ತ್ ವೈರ್ ನಡುವೆ 100 ಓಮ್ ರೆಸಿಸ್ಟರ್ ಇಡಿ. ಸಿಗ್ನಲ್ ವೈರ್ ಅಂದರೆ ಮೀಟರಿಗೆ ಸುದ್ದಿ ಒಯ್ಯುವ ವೈರ್. ಇಗ್ನಿಷನ್ ಆನ್ ಮಾಡಿ ಒಂದೆರಡು ನಿಮಿಷ ಕಾಯಿರಿ, ಮುಳ್ಳು ಎಲ್ಲಿ ನಿಂತಿತು ನೋಡಿ. ಆಫ್ ಮಾಡಿ, 10 ಓಮಿನದ್ದು ಇಟ್ಟು ನೋಡಿ. ಆಮೇಲೆ 220. ಒಂದೊಂದಕ್ಕೂ ಮುಳ್ಳು ಬೇರೆ ಬೇರೆ ಜಾಗಕ್ಕೆ ಹೋಗಿ ಅಲ್ಲಾಡದೆ ನಿಂತರೆ ಮೀಟರ್ ಮತ್ತು ವೈರ್ ಎರಡೂ ಸರಿ. ಯಾವ ಓಮಿಗೆ ಮುಳ್ಳು ಎಲ್ಲಿರಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ.

ಕಪ್ಲರಿನಲ್ಲಿ ಎರಡಕ್ಕಿಂತ ಜಾಸ್ತಿ ವೈರ್ ಇದ್ದರೆ ಒಂದು ಲೋ ಫ್ಯೂಯಲ್ ದೀಪದ್ದು ಇರಬಹುದು, ಟ್ಯಾಂಕಿನೊಳಗೆ ಪಂಪ್ ಇದ್ದರೆ ಅದರದ್ದೂ ಇರಬಹುದು. ಯಾವುದು ಯಾವುದು ಅಂತ ಗೊತ್ತಿಲ್ಲದೆ ರೆಸಿಸ್ಟರ್ ಇಡಬೇಡಿ.

ಗಾಡಿಗೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸುವ ಅವಕಾಶ ಇದ್ದರೆ ಪಿ0460ರಿಂದ ಪಿ0464ರ ತನಕದ ಕೋಡ್ ಇದೆಯಾ ಕೇಳಿ. ಇವು ಇಂಧನ ಮಟ್ಟದ ಸೆನ್ಸರ್ ಸರ್ಕ್ಯೂಟಿನ ಕೋಡ್‌ಗಳು. ಪಿ0464 ಅಂದರೆ ಸಂಪರ್ಕ ಬಂದು ಹೋಗಿ ಮಾಡುತ್ತಿದೆ ಅಂತ, ಹಂತ 4ಕ್ಕೆ ವಾಪಸ್ ಹೋಗಿ. ಆದರೆ ಕೋಡ್ "ಸೆನ್ಸರ್" ಅಂದ ಮಾತ್ರಕ್ಕೆ ಸೆನ್ಸರೇ ಕೆಟ್ಟಿದೆ ಅಂತಲ್ಲ. ವೈರ್ ಕಿತ್ತರೂ ಅದೇ ಕೋಡ್ ಬರುತ್ತದೆ.

ಹಂತ 7. ಕೊನೆಗೆ ಟ್ಯಾಂಕ್ ಯೂನಿಟ್

ಈಗ ಬಿಚ್ಚಿದ ಕಪ್ಲರಿನ ಟ್ಯಾಂಕ್ ಕಡೆಯ ಎರಡು ಪಿನ್ನುಗಳ ನಡುವೆ ಓಮ್ ಅಳೆಯಿರಿ. ಮಲ್ಟಿಮೀಟರ್ 2000 ಓಮ್ ಜಾಗದಲ್ಲಿರಲಿ. ಏನೂ ತೋರಿಸದೆ ಬರೀ 1 ಬಂದರೆ ಅಥವಾ ಓವರ್‌ಲೋಡ್ ಗುರುತು ಬಂದರೆ ಒಳಗೆ ಎಲ್ಲೋ ಕಡಿದಿದೆ. ಅಂಕಿ ಬಂದರೆ, ಇನ್ನೊಬ್ಬರಿಗೆ ಲೋಡ್ ಬಾಡಿ ಹಿಡಿದು ಗಾಡಿ ಅಲ್ಲಾಡಿಸಲು ಹೇಳಿ. ಒಳಗೆ ಡೀಸೆಲ್ ಕುಲುಕಿದಂತೆ ಅಂಕಿ ಸ್ವಲ್ಪ ಸ್ವಲ್ಪ ಏರಿಳಿಯಬೇಕು. ದಡಕ್ಕನೆ ಮಾಯವಾಗಿ ಮತ್ತೆ ಬಂದರೆ ಪಟ್ಟಿ ಸವೆದಿದೆ. ಅಲ್ಲಾಡಲೇ ಇಲ್ಲ ಅಂದರೆ ಕಂಬಿ ಸಿಕ್ಕಿಕೊಂಡಿದೆ.

ಯೂನಿಟ್ ತೆಗೆಯಲೇಬೇಕು ಅಂತಾದರೆ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಡೀಸೆಲ್ ಇರಲಿ. 40 ಲೀಟರ್ ಡೀಸೆಲ್ ಅಂದರೆ ಸುಮಾರು 33 ಕೆಜಿ. ಜೊತೆಗೆ ಅದು ಟ್ಯಾಂಕಿನೊಳಗೆ ಓಲಾಡುತ್ತದೆ, ಕೈ ತಪ್ಪಿಸುತ್ತದೆ. ಕೆಲವು ಗಾಡಿಗಳಲ್ಲಿ ಟ್ಯಾಂಕಿಗೂ ಲೋಡ್ ಬಾಡಿಗೂ ನಡುವೆ ಕೈ ಹೋಗುವಷ್ಟು ಜಾಗ ಇರುತ್ತದೆ. ಇಲ್ಲದಿದ್ದರೆ ಟ್ಯಾಂಕ್ ಇಳಿಸಬೇಕು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಕೆಳಗೆ ಜಾಕ್ ಮತ್ತು ಹಲಗೆ ಕೊಟ್ಟು ಆಮೇಲೆ ಟ್ಯಾಂಕನ್ನು ಹಿಡಿದಿರುವ ಕಬ್ಬಿಣದ ಪಟ್ಟಿ ಸಡಿಲಿಸಿ.

ತೆಗೆಯುವ ಮುಂಚೆ ಟ್ಯಾಂಕಿನ ಮೇಲಿನ ಮಣ್ಣನ್ನು ಪೂರ್ತಿ ತೊಳೆದು ಒರೆಸಿ. ಒಳಗೆ ಬಿದ್ದ ಒಂದು ಚಿಟಿಕೆ ಮಣ್ಣು ಇವತ್ತು ತೊಂದರೆ ಕೊಡದೆ, ಮುಂದಿನ ತಿಂಗಳು ಫಿಲ್ಟರ್ ಕಟ್ಟುತ್ತದೆ. ಯೂನಿಟ್ ಕೂತಿರುವ ದಿಕ್ಕಿಗೆ ಮಾರ್ಕರಿನಲ್ಲಿ ಗೆರೆ ಹಾಕಿ, ಫೋಟೋ ತೆಗೆದುಕೊಳ್ಳಿ. ತಿರುಗಿಸಿ ಕೂರಿಸಿದರೆ ಕಂಬಿ ಟ್ಯಾಂಕಿನೊಳಗಿನ ತಡೆಗೋಡೆಗೆ ತಾಗುತ್ತದೆ. ಡೀಸೆಲ್ ಜಾಸ್ತಿ ಕುಲುಕದಿರಲಿ ಅಂತ ಒಳಗೆ ಕೊಟ್ಟಿರುವ ತಗಡು ಅದು. ಯೂನಿಟ್ಟನ್ನು ಹಿಡಿದಿರುವ ಲಾಕ್ ರಿಂಗ್ ಇದ್ದರೆ ಅದನ್ನು ತಿರುಗಿಸಲು ಉಳಿ, ಕಬ್ಬಿಣದ ಸುತ್ತಿಗೆ ಬೇಡ. ಮರದ ತುಂಡಿನಿಂದ ತಟ್ಟಿ.

ಹೊರಗೆ ಬಂದ ಮೇಲೆ ಬೆಂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ದ್ರವ ಕುಲುಕಿದರೆ ಅದು ತೂತು. ಕಂಬಿಯನ್ನು ಕೆಳಗಿಂದ ಮೇಲಕ್ಕೆ ನಿಧಾನವಾಗಿ ಎತ್ತುತ್ತಾ ಓಮ್ ನೋಡಿ. ಹೊಸದು ತರುವುದಾದರೆ ಗಾಡಿಯ ವರ್ಷ, ಮಾಡೆಲ್, ಚಾಸಿ ನಂಬರ್ ಹೇಳಿ ತನ್ನಿ. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ "ಎಲ್ಲಾ ಪಿಕಪ್ಪಿಗೂ ಆಗುತ್ತೆ ಅಣ್ಣಾ" ಅಂತ ಕೊಟ್ಟರೂ ತಗೋಬೇಡಿ. ಓಮ್ ಲೆಕ್ಕ ಬೇರೆ ಇದ್ದರೆ ಹೊಸ ಯೂನಿಟ್ಟೂ ಸುಳ್ಳೇ ಹೇಳುತ್ತದೆ. ಹಳೆ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಫುಲ್ ಟ್ಯಾಂಕಿನಲ್ಲಿ ಅಲ್ಲಿಂದಲೇ ಜಿನುಗುತ್ತದೆ.

ಹಾಗೇ ಟ್ಯಾಂಕಿನ ತಳ ನೋಡಿ. ಕಲ್ಲಿಗೆ ಹೊಡೆದು ಒಳಕ್ಕೆ ತಗ್ಗಿದ್ದರೆ ಫ್ಲೋಟ್ ಕೆಳಗೆ ಇಳಿಯುವುದಕ್ಕೇ ಜಾಗ ಇರುವುದಿಲ್ಲ. ಖಾಲಿಯಾದರೂ ಮುಳ್ಳು ಕಾಲು ಟ್ಯಾಂಕಿನಲ್ಲೇ ನಿಲ್ಲುತ್ತದೆ.

ಭಾಗ ಎರಡು: ಟ್ಯಾಂಕ್ ತುಂಬುವ ತೊಂದರೆ

ಬಂಕಿನ ಗನ್ ತುದಿಯಲ್ಲಿ ಒಂದು ಪುಟ್ಟ ತೂತು ಇರುತ್ತದೆ, ನೋಡಿದ್ದೀರಾ? ಡೀಸೆಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಡೀಸೆಲ್ ಬಂದು ತೂತು ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಒಳಗಿನ ಪೊರೆ ಎಳೆದುಕೊಂಡು ಗನ್ ಕಟ್ ಆಗುತ್ತದೆ. ಗನ್ನಿಗೆ ಟ್ಯಾಂಕ್ ತುಂಬಿತೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ತುದಿಗೆ ಡೀಸೆಲ್ಲೋ ನೊರೆಯೋ ತಾಗಿತು ಅಂತ ಮಾತ್ರ. ಹಾಗಾದರೆ ಪ್ರಶ್ನೆ ಇಷ್ಟೇ: ಡೀಸೆಲ್ ಕೆಳಗೆ ಇಳಿಯದೆ ಕುತ್ತಿಗೆಯಲ್ಲೇ, ಅಂದರೆ ಟ್ಯಾಂಕಿನ ಬಾಯಿಯ ಹತ್ತಿರದ ಕೊಳವೆಯಲ್ಲೇ, ಯಾಕೆ ನಿಲ್ಲುತ್ತಿದೆ? ಬಿಂದಿಗೆಯನ್ನು ನೀರಿನಲ್ಲಿ ಬೋರಲು ಹಾಕಿ ಒತ್ತಿದರೆ ತುಂಬುತ್ತದಾ? ಒಳಗಿನ ಗಾಳಿ ಹೊರಗೆ ಹೋಗಬೇಕು. ಟ್ಯಾಂಕಿಗೂ ಅಷ್ಟೇ.

ಹಂತ 1. ಮೊದಲು ಬಂಕ್ ಬದಲಿಸಿ ನೋಡಿ

ಲಾರಿಗಳಿಗೆ ಹಾಕುವ ಜೋರು ಪಂಪಿನಲ್ಲಿ ಹಾಕಿಸಿದರೆ ಪಿಕಪ್ಪಿನ ಸಣ್ಣ ಕುತ್ತಿಗೆ ಅಷ್ಟು ಬೇಗ ನುಂಗುವುದಿಲ್ಲ. ಡೀಸೆಲ್ ನೊರೆಯೂ ಜಾಸ್ತಿ ಬರುತ್ತದೆ. ಸಾಮಾನ್ಯ ಪಂಪಿನಲ್ಲಿ, ಸಮತಟ್ಟು ಜಾಗದಲ್ಲಿ, ಗನ್ ಅರ್ಧ ಒತ್ತಿ ಹಾಕಲು ಹೇಳಿ. ಗನ್ ಸ್ವಲ್ಪ ಹೊರಕ್ಕೆ ಎಳೆದು, ಪಕ್ಕಕ್ಕೆ ತಿರುಗಿಸಿ ಹಿಡಿದರೂ ಕೆಲವೊಮ್ಮೆ ಸರಿಹೋಗುತ್ತದೆ. ಮೂರು ಬಂಕಿನಲ್ಲೂ ಅದೇ ಕಥೆಯಾದರೆ ತಪ್ಪು ಗಾಡಿಯದ್ದು.

ಹಂತ 2. ಮುಚ್ಚಳ ತೆಗೆದಾಗ ಸದ್ದು ಕೇಳಿ

ಓಡಿಸಿ ಬಂದು ಮುಚ್ಚಳ ತೆಗೆದಾಗ "ಸೂಊ" ಅಂತ ಜೋರಾಗಿ ಗಾಳಿ ಒಳಕ್ಕೆ ಹೋದರೆ ಟ್ಯಾಂಕಿಗೆ ಉಸಿರು ಕಟ್ಟಿದೆ. ಎಂಜಿನ್ ಡೀಸೆಲ್ ಎಳೆದಂತೆ ಅಷ್ಟೇ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಅರ್ಧ ಗಂಟೆ ಓಡಿದ ಮೇಲೆ ಗಾಡಿ ಎಳೆಯುವುದಿಲ್ಲ. ತಗಡಿನ ಟ್ಯಾಂಕ್ ಒಳಕ್ಕೆ ನುಲಿದುಕೊಂಡದ್ದೂ ಉಂಟು. ಹಾಗೆ ನುಲಿದರೆ ಟ್ಯಾಂಕ್ ಕಡಿಮೆ ಲೀಟರ್ ಹಿಡಿಯುತ್ತದೆ, ಮುಳ್ಳೂ ತಪ್ಪು ತೋರಿಸುತ್ತದೆ. ಎರಡೂ ತೊಂದರೆ ಒಟ್ಟಿಗೆ ಬಂದವರು ಇದನ್ನು ಮೊದಲು ನೋಡಿ.

ಕೆಲವು ಗಾಡಿಗಳಲ್ಲಿ ಗಾಳಿಯ ದಾರಿ ಮುಚ್ಚಳದಲ್ಲೇ ಇರುತ್ತದೆ. ಮುಚ್ಚಳ ಕಳೆದುಹೋಗಿ ಬೇರೆ ಗಾಡಿಯದ್ದು ಹಾಕಿದ್ದರೆ, ತೂತಿಲ್ಲದ ಮುಚ್ಚಳ ಹಾಕಿರಬಹುದು. ಬಟ್ಟೆ ತುರುಕಿ ಓಡಿಸುವವರೂ ಇದ್ದಾರೆ. ಮಳೆಗಾಲದಲ್ಲಿ ಆ ಬಟ್ಟೆ ನೀರು ಕುಡಿದು ಟ್ಯಾಂಕಿಗೇ ಬಿಡುತ್ತದೆ.

ಹಂತ 3. ಕುತ್ತಿಗೆಯ ಜಾಲರಿ

ಕೆಲವು ಟ್ಯಾಂಕಿನ ಬಾಯಲ್ಲಿ ಕಸ ತಡೆಯುವ ಜಾಲರಿ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ. ಕ್ಯಾನಿನಲ್ಲಿ ತಂದ ಡೀಸೆಲ್ ಸುರಿಯುವವರ ಜಾಲರಿಯಲ್ಲಿ ಮೇಣದಂಥ ಕೊಳೆ, ಬಟ್ಟೆ ನೂಲು ಸಿಗುತ್ತದೆ. ತೆಗೆದು ಡೀಸೆಲ್ಲಿನಲ್ಲೇ ತೊಳೆದು ವಾಪಸ್ ಹಾಕಿ. "ಇದೇ ತೊಂದರೆ" ಅಂತ ಕಿತ್ತು ಬಿಸಾಡಬೇಡಿ.

ಹಂತ 4. ಗಾಳಿ ಪೈಪ್

ನಾನು ನೋಡಿದ ಗಾಡಿಗಳಲ್ಲಿ ಬಹುಪಾಲು ತೊಂದರೆ ಇಲ್ಲೇ. ಟ್ಯಾಂಕ್ ಬಾಯಿಂದ ಕೆಳಗೆ ಎರಡು ಪೈಪ್ ಹೋಗುತ್ತವೆ. ದಪ್ಪದ್ದು ಡೀಸೆಲ್ ಇಳಿಯುವುದು. ಪಕ್ಕದ ಸಣ್ಣದು ಗಾಳಿ ಮೇಲೆ ಬರುವುದು, ವೆಂಟ್ ಪೈಪ್ ಅನ್ನುತ್ತಾರೆ. ಅದನ್ನು ಕೊನೆ ತನಕ ಕೈಯಲ್ಲಿ ಸವರಿ ನೋಡಿ. ಹುಡುಕಬೇಕಾದದ್ದು ಇವು:

ಮಡಚಿಕೊಂಡಿದೆಯಾ? ಲೋಡ್ ಬಾಡಿ ಕೂರಿಸುವಾಗ, ಟ್ಯಾಂಕ್ ಬಿಚ್ಚಿ ಹಾಕುವಾಗ ಪೈಪ್ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ. "ಬಾಡಿ ಕಟ್ಟಿಸಿದ ಮೇಲೆ ಶುರುವಾಯ್ತು" ಅಂದರೆ ಬೇರೆ ಏನೂ ನೋಡದೆ ಇಲ್ಲಿಗೆ ಬನ್ನಿ.

ಜೋಲು ಬಿದ್ದಿದೆಯಾ? ಪೈಪ್ ನಡುವೆ ಕೆಳಕ್ಕೆ ಜೋತು ತೊಟ್ಟಿಲಿನ ಥರ ಆಗಿದ್ದರೆ ಅಲ್ಲಿ ಡೀಸೆಲ್ ನಿಲ್ಲುತ್ತದೆ. ನಿಂತ ಡೀಸೆಲ್ ಗಾಳಿಗೆ ಬಾಗಿಲು ಹಾಕಿದಂತೆ. ಕ್ಲಾಂಪ್ ಹಾಕಿ, ಟ್ಯಾಂಕಿನಿಂದ ಬಾಯಿಯ ತನಕ ಏರುತ್ತಲೇ ಹೋಗುವಂತೆ ಕಟ್ಟಿ.

ಒಳಗೆ ಮುಚ್ಚಿದೆಯಾ? ಹೊರಗೆ ಚೆನ್ನಾಗಿ ಕಂಡರೂ ಹಳೆ ರಬ್ಬರ್ ಒಳಗೆ ಉಬ್ಬಿ, ಪದರ ಬಿಟ್ಟು ದಾರಿ ಮುಚ್ಚುತ್ತದೆ. ದಪ್ಪ ಪೈಪಿಗೂ ಹೀಗಾಗುತ್ತದೆ. ಬಯಲಿಗೆ ಬಾಯಿ ತೆರೆದಿರುವ ಬ್ರೀದರ್ ಪೈಪ್, ಅಂದರೆ ಟ್ಯಾಂಕ್ ಉಸಿರಾಡುವ ಇನ್ನೊಂದು ಸಣ್ಣ ಪೈಪ್, ಇದ್ದರೆ ಅದರ ತುದಿ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಅಂದರೆ ಬಹಳ ಇಷ್ಟ.

ಪರೀಕ್ಷೆಗೆ ಪೈಪಿನ ಎರಡೂ ತುದಿ ಬಿಚ್ಚಿ, ಸೈಕಲ್ ಪಂಪಿನಿಂದ ಗಾಳಿ ಬಿಡಿ. ಆರಾಮಾಗಿ ಹಾದುಹೋಗಬೇಕು. ಟ್ಯಾಂಕಿಗೆ ಪೈಪ್ ಸಿಕ್ಕಿಸಿಕೊಂಡೇ ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಡುವುದು ಬೇಡವೇ ಬೇಡ, ಟ್ಯಾಂಕ್ ಬಾಯಿ ಬಿಡುತ್ತದೆ. ಬದಲಿಸುವಾಗ ಡೀಸೆಲ್ ತಡೆಯುವ ಇಂಧನ ಪೈಪನ್ನೇ ಹಾಕಿ. ತೋಟಕ್ಕೆ ನೀರು ಬಿಡುವ ಪೈಪ್ ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ.

ಪೈಪ್‌ಗಳೆಲ್ಲ ಸರಿ ಇದ್ದೂ ತುಂಬದಿದ್ದರೆ, ಟ್ಯಾಂಕಿನ ಮೇಲಿರುವ ರೋಲ್‌ಓವರ್ ವಾಲ್ವ್ ಅಂಟಿಕೊಂಡಿರಬಹುದು. ಗಾಡಿ ಮಗುಚಿದರೆ ಇಂಧನ ಚೆಲ್ಲದಂತೆ ಮುಚ್ಚಿಕೊಳ್ಳುವ ಪುಟ್ಟ ಬಾಗಿಲು ಅದು. ಇದನ್ನು ಗ್ಯಾರೇಜಿನಲ್ಲೇ ಮಾಡಿಸಿ.

ಹಂತ 5. ಪೆಟ್ರೋಲ್ ಗಾಡಿಯಾದರೆ

ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದು ಇರುತ್ತದೆ, ಕ್ಯಾನಿಸ್ಟರ್ ಅಂತ ಹೆಸರು. ಗನ್ ಕಟ್ ಆದ ಮೇಲೂ "ಇನ್ನೂ ಹಾಕು, ರೌಂಡ್ ಫಿಗರ್ ಮಾಡು" ಅಂತ ಕುತ್ತಿಗೆ ತನಕ ತುಂಬಿಸುವ ಅಭ್ಯಾಸ ಇದ್ದರೆ ದ್ರವ ಪೆಟ್ರೋಲೇ ಅದರೊಳಗೆ ಹೋಗಿ ಇದ್ದಿಲು ಹಾಳಾಗುತ್ತದೆ. ಆಮೇಲೆ ಟ್ಯಾಂಕ್ ತುಂಬುವುದೂ ಕಷ್ಟ, ಸ್ಟಾರ್ಟ್ ಆಗುವುದೂ ಕಷ್ಟ.

ಡೀಸೆಲ್ಲಿಗೂ ಕುತ್ತಿಗೆ ತನಕ ತುಂಬಿಸುವುದು ಒಳ್ಳೆಯದಲ್ಲ. ಬಿಸಿಯಾದರೆ ಡೀಸೆಲ್ ಹಿಗ್ಗುತ್ತದೆ. 50 ಲೀಟರ್ ಡೀಸೆಲ್ 10 ಡಿಗ್ರಿ ಬಿಸಿಯಾದರೆ ಸುಮಾರು 400 ಮಿಲಿ ಜಾಸ್ತಿ ಜಾಗ ಬೇಕು. ಕಲಬುರಗಿಯ ಬಿಸಿಲಿನಲ್ಲಿ ಬೆಳಿಗ್ಗೆ ತುಂಬಿಸಿ ಮಧ್ಯಾಹ್ನ ನಿಲ್ಲಿಸಿದರೆ ಮುಚ್ಚಳದ ಸುತ್ತ ಒದ್ದೆ ಆಗುವುದು ಇದಕ್ಕೇ.

"45 ಲೀಟರ್ ಟ್ಯಾಂಕಿಗೆ 48 ಹೇಗೆ ಹಿಡೀತು?"

ಈ ಪ್ರಶ್ನೆಯೂ ಬರುತ್ತಲೇ ಇರುತ್ತದೆ. ಕಂಪನಿ ಹೇಳುವ ಲೀಟರ್ ಲೆಕ್ಕದಲ್ಲಿ ಹಿಗ್ಗಲು ಬಿಟ್ಟ ಮೇಲಿನ ಜಾಗ, ಕುತ್ತಿಗೆ, ಪೈಪ್ ಸೇರಿರುವುದಿಲ್ಲ. ಕುತ್ತಿಗೆ ತನಕ ಹಾಕಿಸಿದರೆ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಬಂಕಿನವರ ಜೊತೆ ಜಗಳಕ್ಕೆ ಮುಂಚೆ ಇದನ್ನು ನೆನಪಿಡಿ. ಅನುಮಾನ ಹೋಗಲಿಲ್ಲವಾ? ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ.

ರಿಪೇರಿ ಆಗುವ ತನಕ ಗಾಡಿ ಓಡಿಸುವುದು ಹೇಗೆ

ಮುಳ್ಳು ನಂಬದೆ ಟ್ರಿಪ್ ಮೀಟರ್ ನಂಬಿ. ಗನ್ ಕಟ್ ಆಗುವ ತನಕ ಹಾಕಿಸಿ, ಟ್ರಿಪ್ ಸೊನ್ನೆ ಮಾಡಿ. ಮಾಮೂಲಿ ಲೋಡಿನಲ್ಲಿ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವ ತನಕ ಹಾಕಿಸಿ. 390 ಕಿಮೀಗೆ 30 ಲೀಟರ್ ಹಿಡಿಯಿತು ಅಂದರೆ ಲೀಟರಿಗೆ 13. ಟ್ಯಾಂಕ್ 50 ಲೀಟರಿನದ್ದಾದರೆ 10 ಲೀಟರ್ ಉಳಿಸಿ 40ಕ್ಕೆ ಲೆಕ್ಕ ಹಾಕಿ: 520 ಕಿಮೀ. ಘಾಟಿ, ಓವರ್ ಲೋಡು, ಎಸಿ ಇದ್ದರೆ ಇನ್ನೂ ನೂರು ಕಳೆಯಿರಿ. 400 ದಾಟಿದ ಕೂಡಲೇ ಬಂಕ್ ಹುಡುಕಿ.

ಡೀಸೆಲ್ ಪೂರ್ತಿ ಖಾಲಿ ಮಾಡಿ ನಿಲ್ಲಿಸಬಾರದು ಅನ್ನುವುದಕ್ಕೆ ಕಾರಣ ಇದೆ. ಎಂಜಿನ್ನಿನ ಹೈ ಪ್ರೆಶರ್ ಪಂಪಿಗೆ ಎಣ್ಣೆಯ ಕೆಲಸ ಮಾಡುವುದೂ ಡೀಸೆಲ್ಲೇ. ಒಣಗಿ ತಿರುಗಿದರೆ ಸವೆಯುತ್ತದೆ. ಪೈಪಿನೊಳಗೆ ಗಾಳಿಯೂ ಸೇರಿಕೊಳ್ಳುತ್ತದೆ. ಅಕಸ್ಮಾತ್ ನಿಂತೇಬಿಟ್ಟರೆ ಕನಿಷ್ಠ 5 ಲೀಟರ್ ಹಾಕಿ, ಡೀಸೆಲ್ ಫಿಲ್ಟರಿನ ಮೇಲೆ ಕೈಪಂಪ್ ಇದ್ದರೆ ಗಟ್ಟಿಯಾಗುವ ತನಕ ಒತ್ತಿ. ಆಮೇಲೆ ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

ಬಿಎಸ್6 ಗಾಡಿಗಳಲ್ಲಿ ಕೆಲವಕ್ಕೆ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ. ಅದು ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣಕ್ಕೆ, ಡೀಸೆಲ್ಲಿಗಲ್ಲ. ಗಡಿಬಿಡಿಯಲ್ಲಿ ಅದಲು ಬದಲಾದರೆ ಕೀ ಆನ್ ಕೂಡ ಮಾಡಬೇಡಿ, ಗಾಡಿಯನ್ನು ಟೋ ಮಾಡಿಸಿಯೇ ಒಯ್ಯಿರಿ.

ಗ್ಯಾರೇಜಿಗೆ ಹೋಗುವುದಾದರೆ

"ಮೀಟರ್ ಕೆಟ್ಟಿದೆ, ನೋಡಿ" ಅನ್ನಬೇಡಿ. ಭಾಗ ಒಂದರ ಹಂತ 1ರಲ್ಲಿ ಬರೆದ ಚೀಟಿ ಕೊಡಿ. ಅರ್ತ್ ವೋಲ್ಟ್ ಎಷ್ಟು ಬಂತು, ಯಾವ ರೆಸಿಸ್ಟರಿಗೆ ಮುಳ್ಳು ಎಲ್ಲಿ ನಿಂತಿತು, ಟ್ಯಾಂಕ್ ಕಡೆ ಎಷ್ಟು ಓಮ್, ಇಷ್ಟು ಹೇಳಿದರೆ ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಅರ್ಧ ಕೆಲಸ ಮುಗಿದಂತೆ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರುವಾಗ ಹೋಗಿ. ಬದಲಿಸಿದ ಹಳೆ ಸಾಮಾನು ವಾಪಸ್ ಕೇಳಿ ಪಡೆಯಿರಿ. ಗಾಡಿ ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸುವ ಯಾವ ಕೆಲಸವನ್ನೂ ಹೊರಗೆ ಮಾಡಿಸಬೇಡಿ.